ಎರಡು ಸಿಸೇರಿಯನ್ ಆದಮೇಲೆ ಮಾಸು ಕೆಳಗಿದ್ದರೆ

ಎರಡು ಸಿಸೇರಿಯನ್ ಆಗಿದೆ, ಈಗ 20 ವಾರ, ಮಾಸು ಮುಂಭಾಗದಲ್ಲಿ ಕೆಳಗಿದೆ ಅಂತ ಸ್ಕ್ಯಾನ್‌ನಲ್ಲಿ ಬಂದಿದೆ, ಏಳನೇ ತಿಂಗಳಿಗೆ ಹಳ್ಳಿಯ ತವರಿಗೆ ಹೋಗಬಹುದಾ ಅಂತ ಕೇಳಿದ್ದೀರಿ.

ಮೊದಲು ಸಮಾಧಾನ ಮಾಡಿಕೊಳ್ಳಿ. ಗರ್ಭಕೋಶ ಬೆಳೆದ ಹಾಗೆ ಹೆಚ್ಚಿನವರಲ್ಲಿ ಮಾಸು ಮೇಲೆ ಸರಿಯುತ್ತದೆ. ಆದರೆ ಹಳೇ ಹೊಲಿಗೆ ಇರುವುದೂ ಮುಂಭಾಗದಲ್ಲೇ ಅಲ್ವಾ? ಆ ಕಲೆಯ ಜಾಗದಲ್ಲಿ ಒಳಪದರ ಸರಿಯಾಗಿರುವುದಿಲ್ಲ. ಮಾಸು ಬೇರಿನ ಹಾಗೆ ಗೋಡೆಯೊಳಗೆ ಇಳಿಯಬಹುದು. ಇದಕ್ಕೆ ಡಾಕ್ಟರು ಅಕ್ರೀಟಾ ಅನ್ನುತ್ತಾರೆ. ಹೆರಿಗೆಯಲ್ಲಿ ಅದು ಬಿಡಿಸಿಕೊಳ್ಳುವುದಿಲ್ಲ, ತುಂಬಾ ರಕ್ತ ಹೋಗುತ್ತದೆ. 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಮೂರನೇ ಸಿಸೇರಿಯನ್‌ಗೆ ಬಂದು, ಮಾಸು ಗರ್ಭಕೋಶದ ಬಾಯಿಯನ್ನೂ ಮುಚ್ಚಿದ್ದವರಲ್ಲಿ 100ಕ್ಕೆ 40 ಮಂದಿಗೆ ಹೀಗಾಗಿತ್ತು. ಬಾಯಿ ಮುಚ್ಚಿದ್ದವರ ಲೆಕ್ಕ ಇದು, ಎಲ್ಲರದ್ದಲ್ಲ.

"ಮಾಸು ಹೊಲಿಗೆಯ ಕಲೆ ಮೇಲೆ ಕೂತಿದೆಯಾ?" ಅಂತ ಡಾಕ್ಟರನ್ನು ನೇರವಾಗಿ ಕೇಳಿ. ಇದರಲ್ಲಿ ಅನುಭವ ಇರುವವರ ಹತ್ತಿರ, ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡಿಸಿ. 32 ವಾರದ ಹೊತ್ತಿಗೆ ಇನ್ನೊಮ್ಮೆ ನೋಡಬೇಕು. ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಈಗಲೇ ಸರಿಮಾಡಿಕೊಳ್ಳಿ.

ತವರಿನ ವಿಷಯ. ಮಾಸು ಮೇಲೆ ಸರಿದಿದೆ ಅಂತ ಖಾತ್ರಿಯಾಗುವವರೆಗೆ ಬೇಡ ಅಂತಲೇ ನನ್ನ ಅಭಿಪ್ರಾಯ. ಅಕ್ರೀಟಾ ಆಗಿದ್ದರೆ ಸಾಮಾನ್ಯವಾಗಿ 34–36 ವಾರಕ್ಕೇ ಆಪರೇಷನ್ ಮಾಡುತ್ತಾರೆ, ಎಷ್ಟೋ ಸಲ ಗರ್ಭಕೋಶವನ್ನೇ ತೆಗೆಯಬೇಕಾಗುತ್ತದೆ. ರಕ್ತನಿಧಿ, ಐಸಿಯು, ಎಳೆಮಗುವಿನ ಐಸಿಯು ಮೂರೂ ಒಂದೇ ಕಡೆ ಇರಬೇಕು. ಸೀಮಂತಕ್ಕೆ ಅಮ್ಮನೇ ನಿಮ್ಮಲ್ಲಿಗೆ ಬರಲಿ ಬಿಡಿ, ಹೋಳಿಗೆ ಎಲ್ಲಿ ತಿಂದರೂ ಹೋಳಿಗೆಯೇ.

ನೋವಿಲ್ಲದೆ ರಕ್ತ ಕಾಣಿಸಿದರೂ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ 108ಕ್ಕೆ ಫೋನ್ ಮಾಡಿ.