ಬೋಲ್ಡ್ ಫಾಂಟ್ ಸೀಳಿ ಸ್ಟೆನ್ಸಿಲ್ ಫಾಂಟ್ ಮಾಡ್ತಿದೀನಿ, ಗ್ಯಾಪ್ ಎಷ್ಟು ಇಟ್ರೆ ಚೆನ್ನಾಗಿರುತ್ತೆ?

ಪ್ರಶ್ನೆ ಓದಿ ನಗು ಬಂತು, ನಿಮ್ಮ ಮೇಲಲ್ಲ, ನನ್ನ ಮೇಲೇ. ಸ್ಟೆನ್ಸಿಲ್ ಅಂದ್ರೆ ರಟ್ಟಲ್ಲಿ ಅಕ್ಷರ ಕೊರೆದು ಮೇಲಿಂದ ಪೇಂಟ್ ಹೊಡಿಯೋದು, ಒಳಗಿನ ತುಂಡು ಬಿದ್ದುಹೋಗಬಾರ್ದು ಅಂತಲೇ ಅಕ್ಷರದಲ್ಲಿ ಗ್ಯಾಪ್ ಬಿಡೋದು. ನಂದೇ ಒಂದು ದಪ್ಪ ಸಾನ್ಸ್ (ಗೆರೆ ತುದಿಯಲ್ಲಿ ಕೊಕ್ಕೆ ಇಲ್ಲದ) ಫಾಂಟ್ ಇತ್ತು, ಅದರ ಮೇಲೆ ಉದ್ದಕ್ಕೊಂದು ಪಟ್ಟಿ ಇಟ್ಕೊಂಡು ಓ, ಬಿ, ಆರ್, 8, ಸಿಕ್ಕಿದ್ದನ್ನೆಲ್ಲ ನಡುವೆ ಸೀಳ್ತಾ ಹೋದೆ, ಒಂದೇ ಸಂಜೆಗೆ ಇಡೀ ಸೆಟ್ ರೆಡಿ. ಸ್ಕ್ರೀನ್ ಮೇಲೆ ದೊಡ್ಡದಾಗಿ ನೋಡಿದ್ರೆ ಕೂದಲೆಳೆ ಥರ ಗ್ಯಾಪ್, ಭಾರಿ ಸ್ಟೈಲಾಗಿತ್ತು.

ಲೆಕ್ಕ ನೋಡಿ. 1000 ಯೂನಿಟ್ ಎಮ್ (ಅಕ್ಷರ ಬಿಡಿಸೋ ಚೌಕದ ಅಳತೆ), ಕ್ಯಾಪಿಟಲ್ ಎತ್ತರ 700, ಗೆರೆ ದಪ್ಪ 210, ಗ್ಯಾಪ್ 21. ಒಬ್ರು ಇದನ್ನ 10 ಸೆಂ.ಮೀ. ಎತ್ತರಕ್ಕೆ ರಟ್ಟಲ್ಲಿ ಕಟ್ ಮಾಡಿಸಿದ್ರು. ಆಗ ಗ್ಯಾಪ್ ಆಗಿದ್ದು 3 ಮಿ.ಮೀ., ಆದ್ರೆ ಆ ಸೇತುವೆ (ಗ್ಯಾಪ್ ಇರೋ ಕಡೆ ಕೊಯ್ಯದೆ ಉಳಿಯೋ, ಒಳಗಿನ ತುಂಡನ್ನ ಹಿಡ್ಕೊಳ್ಳೋ ರಟ್ಟಿನ ಎಳೆ) ದಾಟಬೇಕಾಗಿದ್ದು ಗೆರೆಯ ದಪ್ಪನ, ಅಂದ್ರೆ 30 ಮಿ.ಮೀ. ನಾನು ಎಡವಿದ್ದು ಇಲ್ಲೇ: ಅಕ್ಷರ ದಪ್ಪ ಆದಷ್ಟೂ ಸೇತುವೆ ಉದ್ದ ಆಗುತ್ತೆ, ಅಗಲನೂ ಜೊತೆಗೇ ಬೆಳೀಬೇಕು, ನಾನು ಅಗಲನ ಕಣ್ಣಿಗೆ ಚಂದ ಅಂತ ಇಟ್ಟಿದ್ದೆ. ಓ ಒಳಗಿನ ರಟ್ಟಿನ ತುಂಡು ಮೇಲೊಂದು ಕೆಳಗೊಂದು ಎಳೆಯಲ್ಲಿ ನೇತಾಡ್ತಿತ್ತು, ಸ್ಪ್ರೇ ಬಿದ್ದು ನೆನೆದ ತಕ್ಷಣ ಜೋಲಿ ಬಿತ್ತು, ಪೇಂಟ್ ಅಡಿಗೆ ನುಗ್ಗಿ ಅಂಚೆಲ್ಲ ರಾಡಿ, ಮೂರನೇ ಸಲಕ್ಕೆ ತುಂಡೇ ಕಿತ್ಕೊಂಡು ಬಂತು. ಕಟ್ ಮಾಡಲ್ಲ, ಬರೀ ಸ್ಕ್ರೀನ್‌ಗೆ ಅಂತೀರಾ? 24 ಪಿಕ್ಸೆಲ್‌ನಲ್ಲಿ ಅದೇ 21 ಯೂನಿಟ್ ಅಂದ್ರೆ ಅರ್ಧ ಪಿಕ್ಸೆಲ್, ಗ್ಯಾಪ್ ಅಲ್ಲ ಕೊಳೆ ಅನ್ಸುತ್ತೆ.

ಆಮೇಲೆ 70ಕ್ಕೆ ಏರಿಸಿದೆ, ಗೆರೆಯ ಮೂರನೇ ಒಂದು ಭಾಗ. ಆಗ ಇನ್ನೊಂದು ಕಾಟ, ಅಕ್ಷರಗಳ ನಡುವಿನ ಜಾಗನೂ ಹೆಚ್ಚುಕಮ್ಮಿ ಅಷ್ಟೇ ಇತ್ತು, ಓ ಎರಡು ಹೋಳಾಗಿ ಒಂದೊಂದು ಹೋಳು ಪಕ್ಕದ ಅಕ್ಷರಕ್ಕೆ ಅಂಟ್ಕೊಂಡಂಗೆ ಕಾಣ್ತಿತ್ತು. ಸ್ಪೇಸಿಂಗ್ ಪೂರ್ತಿ ಮತ್ತೆ ಮಾಡಿದೆ.

ಅದಕ್ಕೇ ಹೇಳೋದು, ಗ್ಯಾಪ್ ಎಷ್ಟು ಅನ್ನೋದು ಆಮೇಲಿನ ಮಾತು, ಮೊದ್ಲು ಸೀಳೋದು ಬಿಡಿ. ಜರ್ಮನಿಯ ಡಿಸೈನರ್ ಪಾಲ್ ರೆನ್ನರ್ 1929ರಲ್ಲಿ ಮಾಡಿದ ಫ್ಯೂಚುರಾ ಬ್ಲಾಕ್ ಫಾಂಟ್ ನೋಡಿ, ಅದು ಸೀಳಿದ ಅಕ್ಷರನೇ ಅಲ್ಲ, ತುಂಡುಗಳನ್ನ ಜೋಡಿಸಿ ಕಟ್ಟಿದ್ದು, ಒಂದೊಂದು ತುಂಡಿಗೂ ಅದರದ್ದೇ ಆಕಾರ ಇದೆ. ಮಿಲಿಟರಿ ಪೆಟ್ಟಿಗೆ ಮೇಲಿನ ಲುಕ್ ಬೇಕಂದ್ರೆ 1937ರ ಜೆರ್ರಿ ಪೊವೆಲ್ ಅವರ ‘ಸ್ಟೆನ್ಸಿಲ್’ ಅನ್ನೋ ಹೆಸರಿನ ಫಾಂಟೇ ಇದ್ದೇ ಇದೆ (ಬರೀ ಕ್ಯಾಪಿಟಲ್ಸ್, ಅದೇ ವರ್ಷ ಮಿಡಲ್ಟನ್ ಅನ್ನೋ ಇನ್ನೊಬ್ಬ ಡಿಸೈನರ್ ಕೂಡ ಇದೇ ಹೆಸರಲ್ಲಿ ಇನ್ನೊಂದು ಮಾಡಿದ್ರು), ಅದನ್ನೇ ಮತ್ತೆ ಮಾಡಿ ಏನು ಪ್ರಯೋಜನ?

ಕನ್ನಡಕ್ಕೂ ಮಾಡೋ ಆಸೆ ಇದ್ರೆ ಪಟ್ಟಿ ಇಡೋ ಯೋಚನೆನೇ ಬೇಡ. ಸೇತುವೆ ನಿಜವಾಗ್ಲೂ ಬೇಕಿರೋದು ಸೊನ್ನೆ, ರ, ಠ ಥರ ಮುಚ್ಚಿರೋವಕ್ಕೆ, ಎಲ್ಲಾದಕ್ಕೂ ನಡುವೆ ಸೀಳಿದ್ರೆ ದ ಹೊಟ್ಟೆ ಸೀಳಿ ಧ ಆಗಿ ಕೂರುತ್ತೆ.

ಲೇಸರ್ ಗೀಸರ್ ಏನೂ ಬೇಡ, ಇವತ್ತೇ ಓ ಒಂದನ್ನ ದಪ್ಪ ಕಾಗದದಲ್ಲಿ ಬ್ಲೇಡಲ್ಲಿ ಕೊಯ್ದು ಎರಡು ಸಲ ಸ್ಪ್ರೇ ಹೊಡೀರಿ. ನಾನು ಅದನ್ನ ಮಾಡ್ಲಿಲ್ಲ.