ಗೋವಾದ ಬಿ.ಎಡ್ ತರಗತಿಯಲ್ಲಿ ಕಾದಂಬರಿ ಯಾಕೆ?

ನಾಳೆ ಟೀಚರ್ ಆಗುವವರಿಗೆ ಕಾದಂಬರಿ, ಆತ್ಮಕಥೆ ಯಾಕೆ, ವಲಸೆ ಮಕ್ಕಳ ಬಗ್ಗೆ ನೇರವಾಗಿ ಮಾಹಿತಿ ಕೊಟ್ಟರೆ ಸಾಲದೇ ಅಂತ ಕೇಳಿದ್ದೀರಿ. ಮೊದಲು ಇಲ್ಲಿನ ಶಾಲೆಯ ಸಂಗತಿ ಹೇಳುತ್ತೇನೆ.

ಗೋವಾದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಾಠ ನಡೆಯುವುದು ಹೆಚ್ಚಾಗಿ ಮರಾಠಿಯಲ್ಲಿ, ಇಲ್ಲವೇ ಕೊಂಕಣಿಯಲ್ಲಿ. ಆದರೆ ವಾಸ್ಕೋದ ಬಾಯ್ನಾ, ಜುವಾರಿನಗರದ ಕಡೆ ಬಂದು ನೋಡಿ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದಿಂದ ದುಡಿಯಲು ಬಂದವರ ಮಕ್ಕಳೇ ಜಾಸ್ತಿ ಸಿಗುತ್ತಾರೆ. ಅಪ್ಪ ಗಾರೆ ಕೆಲಸಕ್ಕೆ, ಅವ್ವ ಮನೆಗೆಲಸಕ್ಕೆ. ಬನದ ಹುಣ್ಣಿಮೆ ಬಂತೆಂದರೆ ಸವದತ್ತಿ ಎಲ್ಲಮ್ಮನ ಜಾತ್ರೆಗೆ ಮನೆಮಂದಿಯೆಲ್ಲ ಹೊರಟುಬಿಡುತ್ತಾರೆ. ಹೊಸ ಟೀಚರ್‌ಗೆ ಕಾಣುವುದು ಹಾಜರಿ ಪುಸ್ತಕದಲ್ಲಿರುವ ಗೈರು ಮಾತ್ರ. ಈ ಮನೆಯವರಿಗೆ ಓದು ಬೇಕಾಗಿಲ್ಲ ಅಂತ ತೀರ್ಮಾನ ಮಾಡಿಬಿಡುತ್ತಾರೆ.

ಶಿಕ್ಷಕರ ತರಬೇತಿಗೆ ನಿಯಮ ಮಾಡುವ ರಾಷ್ಟ್ರೀಯ ಸಂಸ್ಥೆ ಎನ್‌ಸಿಟಿಇಯ 2014ರ ನಿಯಮ ಬಂದ ಮೇಲೆ ಬಿ.ಎಡ್ ಎರಡು ವರ್ಷದ್ದಾಯಿತು. ಪಠ್ಯಗಳನ್ನು ಓದಿ ಚಿಂತಿಸುವ ಒಂದು ಭಾಗವೂ ಸೇರಿತು. ಎಷ್ಟೋ ಕಡೆ ಅದು ಸುಮ್ನೆ ಫೈಲ್ ತುಂಬಿಸುವ ಕೆಲಸವಾಗಿದೆ. ನಾನು ಆ ಅವಧಿಯಲ್ಲಿ ಲಕ್ಷ್ಮಣ ಮಾನೆಯವರ 'ಉಪರಾ' ಓದಿಸುತ್ತೇನೆ. 1980ರ ಮರಾಠಿ ಆತ್ಮಕಥೆ. ನಮ್ಮ ವಿದ್ಯಾರ್ಥಿಗಳಿಗೆ ಮರಾಠಿ ಓದಲು ಕಷ್ಟವಿಲ್ಲ. ಬುಟ್ಟಿ ಹೆಣೆಯುವ ಕೈಕಾಡಿ ಮನೆತನ, ಕತ್ತೆಗಳ ಮೇಲೆ ಸಂಸಾರ ಹೇರಿಕೊಂಡು ಊರಿಂದೂರಿಗೆ ಹೋಗುವವರು. ಆದರೂ ಮಗನನ್ನು ಓದಿಸಲೇಬೇಕು ಅಂತ ಅಪ್ಪನ ಹಟ. ಅಲ್ಲಿಗೆ ಪುಸ್ತಕ ಮುಚ್ಚಿಸಿ ಕೇಳುತ್ತೇನೆ: ಈ ಹುಡುಗ ನಿಮ್ಮ ಹಾಜರಿ ಪುಸ್ತಕದಲ್ಲಿದ್ದಿದ್ದರೆ ಅವನ ಅಪ್ಪನ ಬಗ್ಗೆ ಏನು ಹೇಳುತ್ತಿದ್ದಿರಿ? ಬರೆದು ಕೊಡಬೇಕು. ತುಂಬಾ ಹೊತ್ತು ಯಾರೂ ಪೆನ್ನು ಎತ್ತುವುದಿಲ್ಲ.

ಮಾಹಿತಿ ಹಾಳೆಯಿಂದ ಇದು ಆಗಲ್ಲ. 'ಉತ್ತರ ಕರ್ನಾಟಕದವರು ಹೀಗೆ' ಅಂತ ಓದಿಕೊಂಡು ಹೋದವರು ಎಲ್ಲ ಮಕ್ಕಳಿಗೂ ಅದೇ ಹಣೆಪಟ್ಟಿ ಕಟ್ಟುತ್ತಾರೆ. ಇಲ್ಲಿ ಕನ್ನಡದ ಮಕ್ಕಳು ಅಂತ ಕರೆಸಿಕೊಳ್ಳುವ ಲಂಬಾಣಿ ಮಕ್ಕಳು ಮನೆಯಲ್ಲಿ ಆಡುವುದು ಕನ್ನಡವಲ್ಲ, ತಮ್ಮದೇ ಭಾಷೆ ಗೋರ್‌ಬೋಲಿ! ಹಾಗಾಗಿ ಒಂದೇ ಪುಸ್ತಕಕ್ಕೆ ನಿಲ್ಲಿಸಬಾರದು. ಮುದ್ದೇಬಿಹಾಳದ ಅರವಿಂದ ಮಾಲಗತ್ತಿಯವರ ದಲಿತ ಆತ್ಮಕಥೆ 'ಗೌರ್ಮೆಂಟ್ ಬ್ರಾಹ್ಮಣ'ದ ಕೆಲವು ಪುಟಗಳನ್ನು ಕನ್ನಡದಲ್ಲಿ ಓದಿ, ಕೊಂಕಣಿಯಲ್ಲಿ ಬಿಡಿಸಿ ಹೇಳುತ್ತೇನೆ. ಒಂದೇ ಊರಿನಿಂದ ಬಂದ ಇಬ್ಬರು ಮಕ್ಕಳ ಬಾಲ್ಯ ಜಾತಿಯಿಂದ ಎಷ್ಟು ಬೇರೆಯಾಗುತ್ತದೆ ಅನ್ನೋದು ಆಗ ತಿಳಿಯುತ್ತದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಗೋವಾದವರದೇ ಪುಸ್ತಕ, ದಾಮೋದರ ಮೌಜೊ ಅವರ 1981ರ ಕೊಂಕಣಿ ಕಾದಂಬರಿ 'ಕಾರ್ಮೆಲಿನ್'. ಮಗಳನ್ನು ಊರಲ್ಲಿ ಬಿಟ್ಟು ಕುವೈತಿಗೆ ದುಡಿಯಲು ಹೋದ ಹೆಂಗಸಿನ ಕಥೆ. ಗಲ್ಫಿಗೆ ಹೋದವರು ಇಲ್ಲಿ ಎಷ್ಟೋ ಮನೆಗಳಲ್ಲಿದ್ದಾರೆ. ಘಟ್ಟದ ಮೇಲಿನವರನ್ನು 'ಘಾಂಟಿ' ಅಂತ ಹಳಿಯುವ ಮಾತೂ ಅದೇ ಮನೆಗಳಲ್ಲಿ ಕೇಳಿಸುತ್ತದೆ. ಕಾದಂಬರಿ ಮುಗಿದ ದಿನ ಒಬ್ಬ ಹುಡುಗಿ, "ನಮ್ಮ ಚಿಕ್ಕಮ್ಮನೂ ಅಲ್ಲಿ ಹೊರಗಿನವಳೇ ಅಲ್ವಾ ಸರ್?" ಅಂದಳು. ಆಮೇಲೆ ತರಗತಿಯ ಮಾತೇ ಬೇರೆಯಾಯಿತು.

ಓದು ಮುಗಿದ ಮೇಲೆ ಪ್ರತಿಯೊಬ್ಬರೂ ಒಂದು ಮಗುವಿನ ಮನೆಗೆ ಹೋಗಬೇಕು. ಪ್ರಶ್ನೆಪಟ್ಟಿ ಒಯ್ಯಬಾರದು. ಅವ್ವನೋ ಅಜ್ಜಿಯೋ ಹೇಳುವ ಒಂದು ಕಥೆ ಕೇಳಿಕೊಂಡು ಬರಬೇಕು. ಮಾರನೇ ದಿನ ಆ ಕಥೆಯನ್ನು ಮಗು ತನ್ನ ಮಾತಿನಲ್ಲೇ ಶಾಲೆಯಲ್ಲಿ ಹೇಳುತ್ತದೆ. ಟೀಚರ್ ಅದನ್ನು ಮರಾಠಿಗೋ ಕೊಂಕಣಿಗೋ ತರುತ್ತಾರೆ. ತಪ್ಪಾದರೆ ಮಗು ತಿದ್ದುತ್ತದೆ.

ನಿಮ್ಮ ಊರಲ್ಲಿ ಮಾಡುವುದಾದರೆ ನನ್ನ ಪಟ್ಟಿಯನ್ನೇ ಹಿಡಿದುಕೊಳ್ಳಬೇಡಿ. ನಿಮ್ಮ ಶಾಲೆಗೆ ಯಾವ ಊರಿನ ಮಕ್ಕಳು ಬರುತ್ತಾರೆ ಅಂತ ವಿಚಾರಿಸಿಕೊಂಡು ಆಮೇಲೆ ಪುಸ್ತಕ ಆರಿಸಿ.