ಒಬ್ಬರು ಆರು ಹಲ್ಲು ಹುಳುಕು ಅಂದರು, ಇನ್ನೊಬ್ಬರು ಎರಡೇ ಅಂದರು: ಯಾರನ್ನು ನಂಬಲಿ?

ಪ್ರಶ್ನೆ: ನಮಸ್ಕಾರ ಡಾಕ್ಟರ್. ನನಗೆ 34 ವರ್ಷ. ಹಲ್ಲು ನೋವೇನೂ ಇರಲಿಲ್ಲ. ಕ್ಲೀನಿಂಗ್ ಮಾಡಿಸೋಣ ಅಂತ ಒಂದು ಹೊಸ ಕ್ಲಿನಿಕ್‌ಗೆ ಹೋದೆ. ಅಲ್ಲಿನ ಡಾಕ್ಟರು ಇಡೀ ಬಾಯಿಯ ಒಂದು ದೊಡ್ಡ ಎಕ್ಸ್‌ರೇ ತೆಗೆಸಿದರು. ಆರು ಹಲ್ಲು ಹುಳುಕಾಗಿವೆ, ಅದರಲ್ಲಿ ಎರಡಕ್ಕೆ ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಬೇಕು, ತಡ ಮಾಡಬೇಡಿ ಎಂದರು. ಹೋದ ವರ್ಷ ನಮ್ಮ ಹಳೆಯ ಡಾಕ್ಟರು ನೋಡಿ ಎಲ್ಲ ಸರಿಯಾಗಿದೆ ಎಂದಿದ್ದರು. ಗಾಬರಿಯಾಗಿ ಮೂರನೆಯವರ ಹತ್ತಿರ ಹೋದೆ. ಅವರು ಎರಡು ಫಿಲ್ಲಿಂಗ್ ಸಾಕು, ಉಳಿದವನ್ನು ಸದ್ಯಕ್ಕೆ ಮುಟ್ಟೋದು ಬೇಡ ಎಂದರು. ಈಗ ಮೊದಲಿಗಿಂತ ಜಾಸ್ತಿ ಗೊಂದಲ. ಒಬ್ಬರು ಮೋಸ ಮಾಡುತ್ತಿದ್ದಾರಾ, ಇಲ್ಲ ಇನ್ನೊಬ್ಬರಿಗೆ ಗೊತ್ತಾಗಲಿಲ್ವಾ? ಮೊದಲಿನವರ ಹತ್ತಿರ ಎಕ್ಸ್‌ರೇ ಕೇಳೋಕೂ ಸಂಕೋಚವಾಗುತ್ತಿದೆ.

ಉತ್ತರ: ನಿಮ್ಮ ಗೊಂದಲ ನನಗೆ ಅರ್ಥವಾಗುತ್ತದೆ. ಆದರೆ ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳಿರಲೇಬೇಕು ಅಂತೇನಿಲ್ಲ. ಇಬ್ಬರೂ ಪ್ರಾಮಾಣಿಕವಾಗಿ ಹೇಳಿದ್ದರೂ ಇಷ್ಟು ವ್ಯತ್ಯಾಸ ಬರಬಹುದು. ಯಾಕೆ ಅಂತ ತಿಳಿದರೆ ಮುಂದೆ ಏನು ಮಾಡಬೇಕು ಅನ್ನೋದೂ ಗೊತ್ತಾಗುತ್ತದೆ.

ಮೊದಲು ಆ ‘ಆರು’ ಮತ್ತು ‘ಎರಡು’ ಅನ್ನೋ ಲೆಕ್ಕವನ್ನು ಪಕ್ಕಕ್ಕಿಡಿ. ಹುಳುಕು ಅನ್ನೋದು ಇದೆ ಅಥವಾ ಇಲ್ಲ ಅಂತ ಹೇಳಿ ಮುಗಿಸುವ ವಿಷಯವಲ್ಲ, ಅದರಲ್ಲಿ ಹಂತಗಳಿವೆ. ಹಲ್ಲಿನ ಹೊರಕವಚ ಎನಾಮೆಲ್. ಅದರೊಳಗೆ ಡೆಂಟಿನ್. ಅದಕ್ಕೂ ಒಳಗೆ ನರ, ರಕ್ತನಾಳ ಇರುವ ತಿರುಳು. ಹುಳುಕು ಎನಾಮೆಲ್‌ನಲ್ಲೇ ಇದ್ದು, ಮೇಲ್ಮೈ ಇನ್ನೂ ಕುಸಿದು ಗುಂಡಿಯಾಗಿಲ್ಲದಿದ್ದರೆ ಅದನ್ನು ಅಲ್ಲೇ ನಿಲ್ಲಿಸಲು ಸಾಧ್ಯ. ಫ್ಲೋರೈಡ್ ಸಿಕ್ಕಿ, ಸಿಹಿ ತಿನ್ನುವುದು ಕಡಿಮೆಯಾದರೆ, ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟ್ ಆ ಜಾಗವನ್ನು ಮತ್ತೆ ಗಟ್ಟಿ ಮಾಡುತ್ತವೆ. ಡೆಂಟಿನ್ ಒಳಗೆ ಇಳಿದು ಗುಂಡಿಬಿದ್ದ ಹುಳುಕಿಗೆ ಸಾಮಾನ್ಯವಾಗಿ ಫಿಲ್ಲಿಂಗ್ ಬೇಕಾಗುತ್ತದೆ.

ದೊಡ್ಡ ಗುಂಡಿ ಕಣ್ಣಿಗೆ ಕಾಣುವಂತಿದ್ದರೆ ಡಾಕ್ಟರುಗಳಲ್ಲಿ ಭಿನ್ನಾಭಿಪ್ರಾಯ ಕಡಿಮೆ. ಆರಂಭದ ಹಂತದಲ್ಲಿ, ಎನಾಮೆಲ್ ಮತ್ತು ಡೆಂಟಿನ್ ಸೇರುವ ಗಡಿಯ ಹತ್ತಿರ ಇರುವಾಗಲೇ ಜಾಸ್ತಿ. ಒಬ್ಬರು ಈಗಲೇ ತುಂಬಿಸಿಬಿಡೋಣ ಅನ್ನುತ್ತಾರೆ. ಇನ್ನೊಬ್ಬರು ಆರು ತಿಂಗಳು ಕಾದು ನೋಡೋಣ ಅನ್ನುತ್ತಾರೆ. ನಿಮ್ಮ ಆರು ಹಲ್ಲುಗಳಲ್ಲಿ ಕೆಲವು ಇಂಥ ಗಡಿಯಲ್ಲಿ ಇರಬಹುದು.

ಇನ್ನು ಎಕ್ಸ್‌ರೇ. ನಿಮಗೆ ತೆಗೆದದ್ದು ಬಹುಶಃ ಒಪಿಜಿ, ಅಂದರೆ ಎರಡೂ ದವಡೆ ಒಂದೇ ಚಿತ್ರದಲ್ಲಿ ಕಾಣುವಂಥದ್ದು. ಬುದ್ಧಿ ಹಲ್ಲು, ದವಡೆ ಮೂಳೆ ನೋಡಲು ಅದು ಒಳ್ಳೆಯದು. ಆದರೆ ಹಲ್ಲು ಹಲ್ಲಿನ ಸಂದಿಯ ಸಣ್ಣ ಹುಳುಕು ಅದರಲ್ಲಿ ಸ್ಪಷ್ಟವಾಗಿ ಕಾಣುವುದಿಲ್ಲ. ಪಕ್ಕದ ಹಲ್ಲುಗಳು ಒಂದರ ಮೇಲೊಂದು ಬಂದಂತೆ ಕಾಣುತ್ತವೆ. ಸಂದಿಯ ಹುಳುಕು ನೋಡಲು ಬೈಟ್‌ವಿಂಗ್ ಅನ್ನುವ ಸಣ್ಣ ಎಕ್ಸ್‌ರೇ ಬೇಕು. ಬಾಯೊಳಗೆ ಒಂದು ಹಿಡಿಕೆ ಇಟ್ಟು ಕಚ್ಚಿಸಿ ತೆಗೆಯುತ್ತಾರಲ್ಲ, ಅದು. ಬರೀ ಒಪಿಜಿ ನೋಡಿ ಸಂದಿಯ ಹುಳುಕುಗಳನ್ನು ಎಣಿಸಿದ್ದರೆ ಆ ಲೆಕ್ಕವನ್ನು ಮತ್ತೊಮ್ಮೆ ಪರೀಕ್ಷಿಸಲೇಬೇಕು.

ಬೈಟ್‌ವಿಂಗ್ ಕೂಡ ತಪ್ಪು ದಾರಿಗೆ ಎಳೆಯಬಹುದು. ಹಲ್ಲಿನ ಕುತ್ತಿಗೆಯ ಹತ್ತಿರ, ಒಸಡಿನ ಅಂಚಿನಲ್ಲಿ, ಹುಳುಕೇ ಇಲ್ಲದಿದ್ದರೂ ಕಪ್ಪು ನೆರಳು ಬೀಳುತ್ತದೆ. ಆ ಜಾಗದಲ್ಲಿ ಹಲ್ಲು ತೆಳುವಾಗಿರುವುದೇ ಕಾರಣ. ಕೋನ ಸ್ವಲ್ಪ ಬದಲಿಸಿ ಇನ್ನೊಂದು ಚಿತ್ರ ತೆಗೆದರೆ ಎಷ್ಟೋ ಸಲ ಆ ನೆರಳೇ ಇರುವುದಿಲ್ಲ. ಇದಕ್ಕೆ ವಿರುದ್ಧವಾದ ತೊಂದರೆಯೂ ಇದೆ. ಒಂದು ಜಾಗದ ಖನಿಜ ಸುಮಾರು 30ರಿಂದ 40 ಶೇಕಡದಷ್ಟು ಕರಗುವ ತನಕ ಎಕ್ಸ್‌ರೇಯಲ್ಲಿ ಏನೂ ಕಾಣದೆ ಇರಬಹುದು. ಹಾಗಾಗಿ ಚಿತ್ರದಲ್ಲಿ ಕಾಣುವುದಕ್ಕಿಂತ ಹುಳುಕು ನಿಜದಲ್ಲಿ ಸ್ವಲ್ಪ ಆಳವಾಗಿಯೇ ಇರುತ್ತದೆ.

ಅಗಿಯುವ ಮೇಲ್ಮೈಯ ಕಪ್ಪು ಗೆರೆಗಳ ಬಗ್ಗೆಯೂ ಹೇಳಬೇಕು. ದವಡೆ ಹಲ್ಲಿನ ಗೆರೆಗಳಲ್ಲಿ ಚಹಾ, ಕಾಫಿ, ತಂಬಾಕಿನ ಕಲೆ ಕೂರುತ್ತದೆ. ಕಪ್ಪಾಗಿರುವುದೆಲ್ಲ ಹುಳುಕಲ್ಲ. ಹಿಂದೆ ಚೂಪಾದ ಉಪಕರಣದಿಂದ ಗೆರೆಯನ್ನು ಒತ್ತಿ, ಅದು ಸಿಕ್ಕಿಕೊಂಡರೆ ಹುಳುಕು ಅನ್ನುತ್ತಿದ್ದರು. ಈಗ ಅದನ್ನು ಒಪ್ಪುವುದಿಲ್ಲ. ಗೆರೆ ಆಳವಾಗಿದ್ದರೆ ಆರೋಗ್ಯವಂತ ಹಲ್ಲಿನಲ್ಲೂ ಅದು ಸಿಕ್ಕಿಕೊಳ್ಳುತ್ತದೆ. ಜೋರಾಗಿ ಒತ್ತಿದರೆ ಮೆತ್ತಗಾದ ಎನಾಮೆಲ್ ಮುರಿದೇ ಹೋಗಬಹುದು. ಹಲ್ಲನ್ನು ಸ್ವಚ್ಛ ಮಾಡಿ, ಗಾಳಿ ಊದಿ ಒಣಗಿಸಿ, ಒಳ್ಳೆ ಬೆಳಕಿನಲ್ಲಿ ನೋಡುವುದೇ ಸರಿಯಾದ ಕ್ರಮ.

ಹಾಗಾದರೆ ಹಳೆಯ ಡಾಕ್ಟರು ಎಲ್ಲ ಸರಿಯಿದೆ ಎಂದದ್ದು? ಅವರು ಎಕ್ಸ್‌ರೇ ತೆಗೆದಿದ್ದರಾ ಅಂತ ನೆನಪು ಮಾಡಿಕೊಳ್ಳಿ. ಬರೀ ಕಣ್ಣಲ್ಲಿ ನೋಡಿ ಹೇಳಿದ್ದರೆ ಸಂದಿಯ ಹುಳುಕು ತಪ್ಪಿಹೋಗಿರುವ ಸಾಧ್ಯತೆ ಖಂಡಿತ ಇದೆ. ಅವರ ಬಳಿ ಹಳೆಯ ಎಕ್ಸ್‌ರೇ ಇದ್ದರೆ ದಯವಿಟ್ಟು ತರಿಸಿಕೊಳ್ಳಿ. ಹೋದ ವರ್ಷದ ಚಿತ್ರ, ಈ ವರ್ಷದ ಚಿತ್ರ ಪಕ್ಕಪಕ್ಕದಲ್ಲಿಟ್ಟರೆ ನೆರಳು ಬೆಳೆದಿದೆಯೋ, ಅಷ್ಟೇ ಇದೆಯೋ ಕಾಣುತ್ತದೆ. ಬೆಳೆಯದ ಹುಳುಕನ್ನು ಕೊರೆಯಲು ಅವಸರ ಬೇಕಿಲ್ಲ.

ರೂಟ್ ಕೆನಾಲ್, ಅಂದರೆ ಹಲ್ಲಿನ ತಿರುಳನ್ನು ತೆಗೆದು ಆ ಜಾಗ ತುಂಬುವ ಚಿಕಿತ್ಸೆ, ಹೇಳಿದ ಎರಡು ಹಲ್ಲುಗಳ ಬಗ್ಗೆ ನನಗೆ ಜಾಸ್ತಿ ಕಾಳಜಿ. ನೋವೇ ಇಲ್ಲದ ಮೇಲೆ ರೂಟ್ ಕೆನಾಲ್ ಯಾಕೆ ಅನ್ನೋ ಅನುಮಾನ ನಿಮಗಿರಬಹುದು. ನೋವು ಇಲ್ಲ ಅನ್ನೋದೊಂದೇ ಸಾಕ್ಷಿಯಾಗುವುದಿಲ್ಲ. ತಿರುಳು ಸತ್ತ ಹಲ್ಲು ಎಷ್ಟೋ ತಿಂಗಳು ಸುಮ್ನೆ ಇದ್ದು, ಬೇರಿನ ತುದಿಯಲ್ಲಿ ಸೋಂಕು ಬೆಳೆಸುತ್ತಿರಬಹುದು. ಹಾಗಂತ ಎಕ್ಸ್‌ರೇಯಲ್ಲಿ ಹುಳುಕು ಆಳವಾಗಿ ಕಂಡಿತು ಅನ್ನೋದಷ್ಟೇ ರೂಟ್ ಕೆನಾಲ್‌ಗೆ ಕಾರಣವೂ ಅಲ್ಲ. ತಿರುಳು ಹೇಗಿದೆ ಅಂತ ಪರೀಕ್ಷೆ ಮಾಡಬೇಕು.

ಆ ಪರೀಕ್ಷೆ ಕಷ್ಟದ್ದೇನಲ್ಲ. ತುಂಬ ತಣ್ಣಗಿರುವ ಹತ್ತಿಯನ್ನು ಹಲ್ಲಿಗೆ ಮುಟ್ಟಿಸುತ್ತಾರೆ. ಪಕ್ಕದ ಒಳ್ಳೆಯ ಹಲ್ಲಿಗೂ ಮುಟ್ಟಿಸಿ ಹೋಲಿಸುತ್ತಾರೆ. ಜುಂ ಎಂದು ಕೆಲವೇ ಸೆಕೆಂಡಿನಲ್ಲಿ ನಿಂತುಹೋದರೆ ತಿರುಳು ಜೀವಂತವಾಗಿದೆ, ಹುಳುಕು ತೆಗೆದು ಮುಚ್ಚಿದರೆ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ. ನೋವು ಅರ್ಧ ನಿಮಿಷಕ್ಕಿಂತ ಜಾಸ್ತಿ ಎಳೆದರೆ, ಅಥವಾ ರಾತ್ರಿ ತಾನಾಗಿ ನೋವು ಎದ್ದು ನಿದ್ದೆಗೆಡಿಸುತ್ತಿದ್ದರೆ, ತಿರುಳಿನ ಸ್ಥಿತಿ ಕೆಟ್ಟಿದೆ ಎಂದರ್ಥ. ತಣ್ಣನೆಯದು ಮುಟ್ಟಿದ್ದೇ ಗೊತ್ತಾಗದಿದ್ದರೆ ತಿರುಳು ಸತ್ತಿರಬಹುದು. ಹಲ್ಲನ್ನು ಮೆಲ್ಲಗೆ ತಟ್ಟಿ ನೋಡುವುದು, ಬೇರಿನ ತುದಿ ಪೂರ್ತಿ ಕಾಣುವಂತೆ ಆ ಒಂದು ಹಲ್ಲಿನದೇ ಎಕ್ಸ್‌ರೇ ತೆಗೆಯುವುದು ಇದರ ಜೊತೆಗೆ ಬೇಕು.

ನಿಮಗೆ ಇವನ್ನು ಮಾಡಿದ್ದರಾ? ಮಾಡಿಲ್ಲದಿದ್ದರೆ ರೂಟ್ ಕೆನಾಲ್‌ಗೆ ಇನ್ನೂ ಒಪ್ಪಬೇಡಿ. ತಿರುಳು ಚೆನ್ನಾಗಿರುವ ಹಲ್ಲಿನಲ್ಲಿ ಹುಳುಕು ಆಳಕ್ಕೆ ಹೋಗಿದ್ದರೂ, ತಿರುಳಿಗೆ ಅಂಟಿದಂತಿರುವ ಕೊನೆಯ ಪದರವನ್ನು ಹಾಗೇ ಬಿಟ್ಟು, ಮೇಲೆ ಭದ್ರವಾಗಿ ತುಂಬಿ ಹಲ್ಲನ್ನು ಜೀವಂತ ಉಳಿಸುವ ಕ್ರಮ ಈಗ ಚೆನ್ನಾಗಿ ನೆಲೆಯೂರಿದೆ. ಈ ಎರಡು ಹಲ್ಲುಗಳನ್ನು ರೂಟ್ ಕೆನಾಲ್‌ನಲ್ಲೇ ವಿಶೇಷ ತರಬೇತಿ ಪಡೆದ ಎಂಡೋಡಾಂಟಿಸ್ಟ್ ಒಬ್ಬರಿಗೆ ತೋರಿಸಿದರೆ ಒಳ್ಳೆಯದು.

ಎಕ್ಸ್‌ರೇ ಕೇಳಲು ಸಂಕೋಚ ಬೇಡ. ಅದು ನಿಮ್ಮ ಹಲ್ಲಿನ ದಾಖಲೆ. ‘ಇನ್ನೊಬ್ಬರ ಅಭಿಪ್ರಾಯ ಪಡೆದು ನಿರ್ಧಾರ ಮಾಡುತ್ತೇನೆ, ಎಕ್ಸ್‌ರೇ ಮತ್ತು ಚಿಕಿತ್ಸೆಯ ಪಟ್ಟಿ ಕಳಿಸಿಕೊಡಿ’ ಅಂತ ನೇರವಾಗಿ ಹೇಳಿ. ಒಳ್ಳೆಯ ಡಾಕ್ಟರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಬೇಸರ ಮಾಡಿಕೊಂಡರೂ ಅದು ನೀವು ಹೊರಬೇಕಾದ ಭಾರವಲ್ಲ. ಪರದೆಯ ಮೇಲಿನ ಚಿತ್ರವನ್ನು ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಂಡರೆ ಸಾಲದು, ಸೂಕ್ಷ್ಮ ನೆರಳುಗಳು ಅದರಲ್ಲಿ ಅಳಿಸಿಹೋಗುತ್ತವೆ. ಮೂಲ ಫೈಲನ್ನೇ ಕೇಳಿ.

ಪಟ್ಟಿಯಲ್ಲಿ ಪ್ರತಿ ಹಲ್ಲಿನ ನಂಬರ್ ಬರೆಸಿಕೊಳ್ಳಿ. ಹೆಚ್ಚಿನ ದೇಶಗಳಲ್ಲಿ ಎರಡು ಅಂಕಿಯ ಪದ್ಧತಿ ಇದೆ. ಮೊದಲ ಅಂಕಿ ಬಾಯಿಯ ಯಾವ ಭಾಗ ಅಂತ ಹೇಳುತ್ತದೆ: ಮೇಲೆ ಬಲ 1, ಮೇಲೆ ಎಡ 2, ಕೆಳಗೆ ಎಡ 3, ಕೆಳಗೆ ಬಲ 4. ಎರಡನೆಯದು ಮುಂದಿನ ನಡುಹಲ್ಲಿನಿಂದ ಎಷ್ಟನೆಯದು ಅಂತ. 36 ಅಂದರೆ ಕೆಳಗಿನ ಎಡಭಾಗದ ಆರನೆಯ ಹಲ್ಲು, ಅಂದರೆ ಮೊದಲ ದೊಡ್ಡ ದವಡೆ ಹಲ್ಲು. ಅಮೆರಿಕದಲ್ಲಿ 1ರಿಂದ 32ರವರೆಗೆ ಎಣಿಸುವುದರಿಂದ ಅದೇ ಹಲ್ಲು ಅಲ್ಲಿ 19. ನಂಬರ್ ಕೈಲಿದ್ದರೆ ‘ಆರು’ ಮತ್ತು ‘ಎರಡು’ ಅಂತ ಹೋಲಿಸುವ ಬದಲು, 36ಕ್ಕೆ ಇವರು ಏನು ಹೇಳಿದರು, ಅವರು ಏನು ಹೇಳಿದರು ಅಂತ ಹೋಲಿಸಬಹುದು. ಆಗ ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

ಮತ್ತೊಬ್ಬರ ಬಳಿ ಹೋದಾಗ ‘ಅವರು ಆರು ಹೇಳಿದರು, ನಿಜವಾ?’ ಅಂತ ಶುರು ಮಾಡಬೇಡಿ. ಹಾಗೆ ಕೇಳಿದರೆ ಅವರ ಕಣ್ಣು ಆ ಆರರ ಮೇಲೇ ನಿಲ್ಲುತ್ತದೆ. ನಿಮ್ಮ ತೊಂದರೆ ಹೇಳಿ, ಎಕ್ಸ್‌ರೇ ಕೊಟ್ಟು, ಮೊದಲು ಅವರಾಗಿಯೇ ನೋಡಲಿ. ಅವರು ಹೇಳಿ ಮುಗಿಸಿದ ಮೇಲೆ ಹಿಂದಿನ ಪಟ್ಟಿ ತೋರಿಸಿ, ಬೇರೆ ಬಂದಿರುವ ಹಲ್ಲುಗಳ ಬಗ್ಗೆ ವಿವರಣೆ ಕೇಳಿ. ಪ್ರತಿ ಹಲ್ಲಿಗೂ ಎರಡು ಪ್ರಶ್ನೆ ಸಾಕು. ಯಾವುದನ್ನು ನೋಡಿ ಹೀಗೆ ಹೇಳುತ್ತಿದ್ದೀರಿ? ಆರು ತಿಂಗಳು ಏನೂ ಮಾಡದೆ ಬಿಟ್ಟರೆ ಏನಾಗಬಹುದು?

ಎರಡನೆಯ ಪ್ರಶ್ನೆ ತುಂಬ ಮುಖ್ಯ. ಕೊರೆದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಕ್ಯಾಪ್ ಹಾಕಲು ಸುತ್ತಲೂ 1ರಿಂದ 2 ಮಿಲಿಮೀಟರ್ ಹಲ್ಲು ತೇಯ್ದು ತೆಗೆಯಬೇಕಾಗುತ್ತದೆ. ಫಿಲ್ಲಿಂಗ್ ಕೂಡ ಒಂದು ದಿನ ಸವೆದು ಬದಲಿಸಬೇಕಾಗುತ್ತದೆ, ಪ್ರತಿ ಸಲವೂ ಗುಂಡಿ ಸ್ವಲ್ಪ ದೊಡ್ಡದಾಗುತ್ತದೆ. ಆರಂಭದ ಹುಳುಕಿಗೆ ಆರು ತಿಂಗಳಿಂದ ವರ್ಷದೊಳಗೆ ಮತ್ತೆ ಪರೀಕ್ಷೆ ಮಾಡಿಸುವ ವ್ಯವಸ್ಥೆ ಇದ್ದರೆ ಕಾಯುವುದರಲ್ಲಿ ಅಪಾಯ ಕಡಿಮೆ. ಆ ಸಮಯದಲ್ಲಿ ಸುಮ್ನೆ ಕೂರಬೇಡಿ. ದಿನಕ್ಕೆ ಎರಡು ಸಲ 1,000ರಿಂದ 1,500 ಪಿಪಿಎಂ ಫ್ಲೋರೈಡ್ ಇರುವ ಪೇಸ್ಟ್‌ನಿಂದ ಉಜ್ಜಿ. ನೊರೆ ಉಗಿಯಿರಿ, ಆದರೆ ನೀರಿನಿಂದ ಬಾಯಿ ಮುಕ್ಕಳಿಸಬೇಡಿ. ಸಿಹಿಯನ್ನು ಊಟದ ಜೊತೆಗೇ ಮುಗಿಸಿ, ನಡುನಡುವೆ ಬೇಡ.

ಒಂದು ಎಚ್ಚರಿಕೆ. ಕಡಿಮೆ ಚಿಕಿತ್ಸೆ ಹೇಳಿದವರೇ ಸರಿ ಅಂತ ಮನಸ್ಸು ಒಪ್ಪಿಕೊಳ್ಳಲು ತಯಾರಾಗಿರುತ್ತದೆ. ನಮಗೆ ಬೇಕಾದ ಉತ್ತರ ಅದೇ ಅಲ್ವಾ? ಮೂರನೆಯವರು ಯಾಕೆ ಬಿಡಿ ಎಂದರು ಅಂತ ಅವರನ್ನೂ ಅಷ್ಟೇ ಗಟ್ಟಿಯಾಗಿ ಕೇಳಿ. ಇಬ್ಬರೂ ಒಪ್ಪಿರುವ ಹಲ್ಲುಗಳಿದ್ದರೆ ಚಿಕಿತ್ಸೆ ಅಲ್ಲಿಂದ ಶುರು ಮಾಡಿ, ಅದನ್ನು ಮುಂದೂಡಬೇಡಿ. ನಿಮಗೆ ಚಿತ್ರ ತೋರಿಸದೆ, ಇವತ್ತೇ ಒಪ್ಪಿದರೆ ರಿಯಾಯಿತಿ ಅನ್ನುವವರಿಂದ ದೂರ ಇರಿ.

ಇನ್ನೊಬ್ಬರ ಅಭಿಪ್ರಾಯಕ್ಕೆ ಕಾಯಬಾರದ ಸಂದರ್ಭಗಳೂ ಇವೆ. ಮುಖ ಅಥವಾ ದವಡೆಯ ಕೆಳಗೆ ಊತ, ಜ್ವರ, ಬಾಯಿ ತೆರೆಯಲು ಆಗದಿರುವುದು ಇದ್ದರೆ ಅದೇ ದಿನ ಚಿಕಿತ್ಸೆ ಪಡೆಯಿರಿ. ನುಂಗಲು, ಉಸಿರಾಡಲು ಕಷ್ಟವಾದರೆ ದಂತ ಕ್ಲಿನಿಕ್‌ಗೆ ಅಲ್ಲ, ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಪ್ರಶ್ನೆ: ನನ್ನದು ಉಲ್ಟಾ ಸಮಸ್ಯೆ. ಮೇಲಿನ ದವಡೆ ಹಲ್ಲಿನಲ್ಲಿ ಗಟ್ಟಿ ಪದಾರ್ಥ ಕಚ್ಚಿದಾಗ ಚುಚ್ಚಿದಂತೆ ನೋವು. ಎಲ್ಲ ಸಲವೂ ಬರುವುದಿಲ್ಲ. ಎಕ್ಸ್‌ರೇಯಲ್ಲಿ ಏನೂ ಇಲ್ಲ, ನಿಮ್ಮ ಭ್ರಮೆ ಅನ್ನೋ ಥರ ಮಾತಾಡಿ ಕಳಿಸಿದರು. ಆ ಹಲ್ಲನ್ನು ಕೀಳಿಸಿಬಿಡಲಾ?

ಉತ್ತರ: ಖಂಡಿತ ಬೇಡ. ನಿಮ್ಮ ವಿವರಣೆ ಓದಿದರೆ ಹಲ್ಲಿನಲ್ಲಿ ಬಿರುಕು ಇರಬಹುದು ಅಂತ ಮೊದಲು ಅನಿಸುತ್ತದೆ. ಇಂಥ ನೋವು ಕಚ್ಚಿದ ಕ್ಷಣಕ್ಕಿಂತ ಕಚ್ಚಿ ಬಿಟ್ಟ ಕ್ಷಣದಲ್ಲಿ ಜೋರಾಗಿರುತ್ತದೆ. ಬಿರುಕು ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ, ಹಾಗಾಗಿ ಚಿತ್ರ ಚೆನ್ನಾಗಿದೆ ಅನ್ನೋದರಿಂದ ನಿಮ್ಮ ನೋವು ಸುಳ್ಳಾಗುವುದಿಲ್ಲ. ಹಲ್ಲಿನ ಒಂದೊಂದೇ ಉಬ್ಬಿನ ಮೇಲೆ ಸಣ್ಣ ಪ್ಲಾಸ್ಟಿಕ್ ತುಂಡಿಟ್ಟು ಕಚ್ಚಿಸಿ ನೋಡುವ ಪರೀಕ್ಷೆ ಇದೆ. ಬಣ್ಣ ಹಚ್ಚಿ ಅಥವಾ ಬೆಳಕು ಹಾಯಿಸಿ, ಮೈಕ್ರೋಸ್ಕೋಪ್‌ನಲ್ಲಿಯೂ ಬಿರುಕು ಹುಡುಕುತ್ತಾರೆ. ಅದನ್ನು ಮಾಡುವವರ ಬಳಿ ಹೋಗಿ.

ಬಿರುಕಲ್ಲದೆ ಬೇರೆ ಕಾರಣಗಳೂ ಇವೆ. ಮೇಲಿನ ದವಡೆ ಹಲ್ಲಿನ ಬೇರುಗಳ ಮೇಲೆಯೇ ಸೈನಸ್ ಇರುತ್ತದೆ. ನೆಗಡಿಯಾದಾಗ, ಬಗ್ಗಿದಾಗ ನೋವು ಜಾಸ್ತಿಯಾಗಿ, ಒಂದಲ್ಲ ಹಲವು ಹಲ್ಲು ನೊಂದರೆ ಅದನ್ನೂ ನೋಡಿಸಬೇಕು. ರಾತ್ರಿ ಹಲ್ಲು ಕಡಿಯುವ ಅಭ್ಯಾಸವಿದ್ದರೂ ಹೀಗಾಗುತ್ತದೆ. ಅಲ್ಲಿಯವರೆಗೆ ಯಾವಾಗ ನೋವು ಬಂತು, ಏನು ಕಚ್ಚಿದಾಗ, ಎಷ್ಟು ಹೊತ್ತು ಇತ್ತು, ತಣ್ಣಗಿನದಕ್ಕೂ ಬಂತಾ ಅಂತ ಒಂದು ಕಾಗದದಲ್ಲಿ ಬರೆದಿಡಿ. ಆ ಬದಿಯಲ್ಲಿ ಗಟ್ಟಿ ಪದಾರ್ಥ ಕಚ್ಚಬೇಡಿ. ಬಿರುಕು ಬೇರಿನವರೆಗೆ ಇಳಿಯುವ ಮೊದಲು ಸಿಕ್ಕರೆ ಕ್ಯಾಪ್ ಹಾಕಿ ಹಲ್ಲನ್ನು ಉಳಿಸಿಕೊಳ್ಳುವ ಸಾಧ್ಯತೆ ಚೆನ್ನಾಗಿರುತ್ತದೆ, ಹಾಗಾಗಿ ಹೊಸ ಅಪಾಯಿಂಟ್‌ಮೆಂಟ್ ಈ ವಾರವೇ ತೆಗೆದುಕೊಳ್ಳಿ.